ಚಿಗುರಿದ ಬೆಂಚು

ನಮ್ಮ ಮನೆಯವರ ಕೈಗೆ ಏನು ಬೇಕಾದರೂ ಕೊಡಬಹುದು, ಗರಗಸ ಒಂದನ್ನು ಬಿಟ್ಟು. ಈ ಸಂಗತಿ ನನಗೆ ಮದುವೆಯಾದ ಹೊಸದರಲ್ಲೇ ಗೊತ್ತಾಯಿತು. ನಮ್ಮ ಅತ್ತೆಗೆ ಅದಕ್ಕೂ ಮೊದಲೇ ಗೊತ್ತಿತ್ತು. ಗೊತ್ತಿಲ್ಲದೆ ಉಳಿದದ್ದು ನಮ್ಮವರೊಬ್ಬರಿಗೇ.

ಅವರದು ಅಳತೆ ಮತ್ತು ತೂಕದ ಇಲಾಖೆಯಲ್ಲಿ ಕೆಲಸ. ಅಂಗಡಿಗಳ ತಕ್ಕಡಿ, ಎಣ್ಣೆ ಅಳೆಯುವ ಮಾಪು, ಬಟ್ಟೆ ಅಳೆಯುವ ಕೋಲು ಎಲ್ಲವನ್ನೂ ಪರೀಕ್ಷಿಸಿ, ಸರಿಯಿದ್ದರೆ ಮುದ್ರೆ ಒತ್ತುವುದು, ಇಲ್ಲದಿದ್ದರೆ ಕೈಚೀಲಕ್ಕೆ ಹಾಕಿಕೊಂಡು ಬರುವುದು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಇವರ ಕಣ್ಣು ಬಿಡುವುದಿಲ್ಲವೆಂದು ಅಂಗಡಿಯವರು ನಡುಗುತ್ತಾರೆ. ಆ ಕಣ್ಣನ್ನು ಸಂಜೆ ಕಚೇರಿಯಲ್ಲೇ ಕಳಚಿಟ್ಟು ಬರುತ್ತಾರೋ ಏನೋ. ಮನೆಯಲ್ಲಿ ಅವರು ಹೊಡೆದ ಗೂಟಕ್ಕೆ ಹಾಕಿದ ಅಂಗಿ ತಾನಾಗಿಯೇ ನೆಲಕ್ಕೆ ಇಳಿಯುತ್ತದೆ. ಬೀನ್ಸ್ ಬಳ್ಳಿಗೆ ಅವರು ಕಟ್ಟಿದ ಚಪ್ಪರದಡಿ ಕಾಯಿ ಕೀಳಲು ನಾನು ತೆವಳಿಕೊಂಡು ಹೋಗಬೇಕು. ಬಳ್ಳಿಗಾದರೂ ಸಂಕೋಚವಾಗಿ ಅದು ಬೇಲಿಯ ಕಡೆ ಹಬ್ಬಿಕೊಂಡಿತು.

ಪಟ್ಟಣದ ಬಾಡಿಗೆ ಮನೆ ಬಿಟ್ಟು ಊರಾಚೆಯ ಈ ಮನೆಗೆ ಬಂದ ದಿನವೇ ಅವರು ಸೊಂಟದ ಮೇಲೆ ಕೈಯಿಟ್ಟು ಅಂಗಳದಲ್ಲಿ ನಿಂತು ಘೋಷಿಸಿದ್ದರು: "ಇನ್ಮೇಲೆ ನಮಗೆ ಬೇಕಾದ್ದನ್ನ ನಾವೇ ಬೆಳೀಬೇಕು, ನಾವೇ ಮಾಡ್ಕೋಬೇಕು. ಅಂಗಡಿ ಮುಖ ನೋಡಬಾರದು."

"ಅಂಗಡಿಯವರ ಪುಣ್ಯ," ಎಂದಳು ಮಗಳು. ಅವಳು ಹೈಸ್ಕೂಲಿನಲ್ಲಿದ್ದಾಳೆ, ಆ ವಯಸ್ಸಿನಲ್ಲಿ ಅಪ್ಪ ಹೇಳಿದ್ದಕ್ಕೆಲ್ಲ ಒಂದು ಬಾಲ ಅಂಟಿಸದಿದ್ದರೆ ಊಟ ಇಳಿಯುವುದಿಲ್ಲ.

ಬೆಂಚಿನ ವಿಷಯ ಎದ್ದದ್ದು ಅತ್ತೆಯಿಂದ. ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಮೂಳೆ ಕೂಡಿತು, ನೋವು ಇಳಿಯಿತು, ಡಾಕ್ಟರು "ಇನ್ನು ದಿನಾ ನಡೀಬೇಕು" ಎಂದರು. ಅತ್ತೆ ಮಾತ್ರ ಕೋಣೆ ಬಿಟ್ಟು ಹೊರಡಲಿಲ್ಲ.

"ನಡೆದು ಎಲ್ಲಿಗೆ ಹೋಗ್ಲಿ?" ಎಂದು ನನ್ನನ್ನೇ ಕೇಳಿದರು. "ಅಡುಗೆಮನೆಗೆ ಹೋದ್ರೆ ನೀನಿರ್ತೀಯ. ನಿನ್ನ ಬೆಳಗ್ಗೆಯಿಂದ ನೋಡ್ತಾನೇ ಇದೀನಲ್ಲ."

ಅವರಿಗೆ ಹಳೆಯ ಬಟ್ಟೆಯನ್ನು ಪಟ್ಟಿಪಟ್ಟಿಯಾಗಿ ಹರಿದು, ಉದ್ದನೆಯ ಜಡೆ ಹೆಣೆದು, ಆ ಜಡೆಯನ್ನು ಸುತ್ತಿ ಹೊಲಿದು ಕಾಲೊರಸು ಮಾಡುವ ಅಭ್ಯಾಸ. ನಮ್ಮ ಮನೆಯ ಪ್ರತಿ ಬಾಗಿಲಲ್ಲೂ ಯಾರದೋ ಹಳೆಯ ಅಂಗಿ ಮಲಗಿರುತ್ತದೆ. ಬಿದ್ದ ಮೇಲೆ ಅದೂ ನಿಂತುಹೋಯಿತು. ಗೋಡೆ ನೋಡುತ್ತ ಸ್ವಲ್ಪ ಹೆಣೆಯುವರು, ಹೆಣೆದದ್ದನ್ನು ಬಿಚ್ಚುವರು. ನಾನು ಬಟ್ಟೆ ಮಡಿಸುವ ನೆಪದಲ್ಲಿ ಅವರ ಪಕ್ಕ ಕೂತು ಏನೇನೋ ಮಾತಾಡುತ್ತಿದ್ದೆ. ಅವರು ಹೂಂಗುಟ್ಟುತ್ತಿದ್ದರು. ಬೈಯುತ್ತಿರಲಿಲ್ಲ. ಅತ್ತೆ ಬೈಯುವುದನ್ನು ನಿಲ್ಲಿಸಿದಾಗ ಸೊಸೆಗೆ ಎಷ್ಟು ಭಯವಾಗುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು.

"ಅಮ್ಮನಿಗೆ ಬೀದಿ ಕಾಣೋ ಹಾಗೆ ಗೇಟ್ ಹತ್ರ ಒಂದು ಬೆಂಚು ಬೇಕು," ಎಂದರು ನಮ್ಮವರು ಒಂದು ಭಾನುವಾರ. ಅಷ್ಟು ಒಳ್ಳೆಯ ಮಾತನ್ನು ಅವರು ಆ ವರ್ಷ ಆಡಿರಲಿಲ್ಲ. ನಾನು ಸಂತೋಷದಿಂದ, "ಸಂಜೆ ಹೋಗಿ ತಂದುಬಿಡಿ," ಎಂದೆ. ನಾನು ಕೆನ್ನೆಗೆ ಹೊಡೆದೆನೇನೋ ಎಂಬಂತೆ ಅವರು ನೋಡಿದರು.

ಅದೇ ಹೊತ್ತಿಗೆ ಪಕ್ಕದ ಮನೆಯ ಕಂಡಕ್ಟರ್ ತಮ್ಮ ಬೇಲಿಗೆ ನೆಟ್ಟಿದ್ದ ಹಸಿರೆಲೆ ಗೊಬ್ಬರದ ಮರಗಳ ಕೊಂಬೆ ಕಡಿಸಿ ರಾಶಿ ಹಾಕಿದ್ದರು. ಅವರು ಬಸ್ಸಿನಿಂದ ನಿವೃತ್ತರಾಗಿ ಎಷ್ಟೋ ಕಾಲವಾಗಿದೆ. ಬಸ್ಸು ಅವರಿಂದ ನಿವೃತ್ತವಾಗಿಲ್ಲ. ನಾಲ್ಕು ಜನ ಸೇರಿದ ಕಡೆ ಈಗಲೂ "ಒಳಗೆ ಹೋಗಿ, ಒಳಗೆ ಹೋಗಿ, ಬಾಗಿಲಲ್ಲಿ ನಿಲ್ಲಬೇಡಿ" ಎನ್ನುತ್ತಾರೆ. "ಬೇಕಾದಷ್ಟು ಸೌದೆಗೆ ಎಳ್ಕೊಂಡು ಹೋಗಿ ಸಾರ್," ಎಂದರು. ನಮ್ಮವರು ಎಳೆದುಕೊಂಡು ಬಂದರು.

"ರೀ, ಇದು ಹಸಿ ಮರ," ಎಂದೆ. "ತೊಗಟೆ ಸುಲಿದು, ಬಿಸಿಲಿಗೆ ಹಾಕಿ, ಚೆನ್ನಾಗಿ ಒಣಗಿದ ಮೇಲೆ..."

"ತೊಗಟೆ ಇದ್ರೇ ಕಳೆ. ಪೇಟೆಯವರು ಇಂಥದ್ದಕ್ಕೇ ಸಾಯ್ತಾರೆ, ನಿನಗೆ ಗೊತ್ತಿಲ್ಲ," ಎಂದು ಗರಗಸ ತೆಗೆದರು.

ಬೆಂಚು ಎದ್ದು ನಿಂತಿತು. ನಿಂತಿತು ಎನ್ನುವುದಕ್ಕಿಂತ ಮಂಡಿಯೂರಿತು ಎಂದರೆ ಸರಿ. ಕಾಲುಗಳು ನಾಲ್ಕು, ಉದ್ದವೂ ನಾಲ್ಕು ತರಹ. ಉದ್ದದ ಕಾಲನ್ನು ಕೊಯ್ದರೆ ಅದೇ ಗಿಡ್ಡವಾಯಿತು. ಅದಕ್ಕೆ ಸರಿಹೊಂದಲೆಂದು ಎದುರಿನದನ್ನು ಕೊಯ್ದರೆ ಪಕ್ಕದ್ದು ಎದ್ದು ಕುಳಿತಿತು. ಊರಿನ ತಕ್ಕಡಿಗಳಿಗೆಲ್ಲ ನ್ಯಾಯ ಹೇಳುವ ಮನುಷ್ಯ ಬೆಂಚಿನ ಸುತ್ತ ಸುತ್ತುತ್ತ ಕೊಯ್ಯುತ್ತಲೇ ಇದ್ದರು.

"ಅಪ್ಪ, ಇನ್ನು ಸ್ವಲ್ಪ ಹೀಗೇ ಹೋದ್ರೆ ಮಣೆ ಆಗುತ್ತೆ," ಎಂದಳು ಮಗಳು.

ಆಗ ಅವರಿಗೆ ಹೊಳೆಯಿತು. ಮರವನ್ನೇ ಯಾಕೆ ತಿದ್ದಬೇಕು, ನೆಲವನ್ನು ತಿದ್ದಿದರಾಗದೆ? ಗೇಟಿನ ಹೊರಗೆ, ಬೀದಿಯ ಅಂಚಿನಲ್ಲಿ, ಒಂದೊಂದು ಕಾಲಿಗೂ ಅದರ ಉದ್ದಕ್ಕೆ ತಕ್ಕ ಆಳದ ಗುಂಡಿ ತೋಡಿ, ಹೂತು, ಮಣ್ಣು ತುಳಿದು, ನೀರು ಹೊಯ್ದು ಗಟ್ಟಿ ಮಾಡಿದರು. ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯನ್ನು ಹಲಗೆಯ ಮೇಲಿಟ್ಟರೆ ಗುಳ್ಳೆ ನಡುಮಧ್ಯೆ ನಿಂತಿತು. ಗೇಟಿನ ಒಳಗೇ ಹಾಕಬಹುದಿತ್ತು. ಆದರೆ ಅಲ್ಲಿ ಅವರ ಟೊಮೇಟೊ ಮಡಿಗಳಿದ್ದವು, ಅವುಗಳಲ್ಲಿ ಅವರು ಏನೋ ಬರುತ್ತದೆಂದು ನಂಬಿದ್ದರು.

ಮೊದಲ ಸಂಜೆ ಅತ್ತೆಯನ್ನು ನಾನು ತೋಳು ಹಿಡಿದು ಕರೆದೊಯ್ದೆ. ಕೂತರು. ಹಾಲಿನವಳು ಸೈಕಲ್ ಇಳಿದು ಮಾತಾಡಿಸಿದಳು. ಶಾಲೆ ಬಿಟ್ಟ ಮಕ್ಕಳು ಹೋದರು. ಯಾರದೋ ಆಡು ಬಂದು ಪಟ್ಟಿಬಟ್ಟೆ ಜಗಿಯಲು ನೋಡಿತು, ಅತ್ತೆ ಅದಕ್ಕೆ ಚೆನ್ನಾಗಿ ಬೈದರು. ನನಗೆ ಕಣ್ಣು ತುಂಬಿ ಬಂತು.

ದಿನ ಕಳೆದಂತೆ ಜಡೆ ಉದ್ದವಾಯಿತು. ಒಂದು ಸಂಜೆ ಹಾಲು ಒಲೆಯ ಮೇಲಿಟ್ಟು ಕೋಣೆಗೆ ಹೋದರೆ ಮಂಚ ಖಾಲಿ. ಹೊರಗೆ ಓಡಿದೆ. ಅತ್ತೆ ತಾವೇ ನಡೆದು ಬಂದು ಬೆಂಚಿನ ಮೇಲೆ ಕೂತಿದ್ದರು.

"ಏನೇ, ಹಾಲು ಬಿಟ್ಟು ಓಡಿ ಬಂದೆಯಾ? ಉಕ್ಕಿರುತ್ತೆ ನೋಡು," ಎಂದರು.

ಉಕ್ಕಿತ್ತು. ಆ ಒಲೆ ಒರೆಸುವಾಗ ನಾನು ಹಾಡು ಗುನುಗುತ್ತಿದ್ದೆನಂತೆ, ಮಗಳು ಹೇಳಿದಳು.

ಈ ನಡುವೆ ನಮ್ಮವರಲ್ಲಿ ಒಂದು ಬದಲಾವಣೆ ಕಂಡಿತು. ಎಬ್ಬಿಸಿದರೂ ಏಳದವರು ಎಲ್ಲರಿಗಿಂತ ಮೊದಲು ಎದ್ದು ಗೇಟಿನ ಕಡೆ ಹೋಗುವರು. ಬೆಂಚಿನ ಮುಂದೆ ಕುಕ್ಕರುಗಾಲಲ್ಲಿ ಕೂರುವರು. ತಾನು ಮಾಡಿದ್ದನ್ನು ತಾನೇ ನೋಡಿ ಸಂತೋಷಪಡುತ್ತಿದ್ದಾರೆ, ಪಡಲಿ ಪಾಪ ಎಂದುಕೊಂಡಿದ್ದೆ. ಒಮ್ಮೆ ಕಸ ಹಾಕಲು ಹೋದಾಗ ನೋಡಿದರೆ, ಕೈಯಲ್ಲಿ ಉಗುರು ಕತ್ತರಿ. ಬೆಂಚಿನ ಕಾಲುಗಳಲ್ಲಿ ಎಳೆ ಹಸಿರು ಮೊಳಕೆಗಳು ಇಣುಕಿದ್ದವು. ಅವರು ಒಂದೊಂದನ್ನೂ ಹುಡುಕಿ ಹುಡುಕಿ ಕತ್ತರಿಸುತ್ತಿದ್ದರು.

"ಇದೇನ್ರೀ, ಬೆಂಚಿಗೆ ಕ್ಷೌರ?"

"ಮೆಲ್ಲಗೆ ಮಾತಾಡು," ಎಂದರು. "ಕಂಡಕ್ಟರಿಗೆ ಗೊತ್ತಾದ್ರೆ ಊರೆಲ್ಲ ಟಿಕೆಟ್ ಹರೀತಾರೆ."

ಒಂದು ಮೊಳಕೆ ಕತ್ತರಿಸಿದರೆ ಆ ಜಾಗದಲ್ಲಿ ನಾಲ್ಕು ಬರುತ್ತವೆಂದು ಗಿಡ ಸಾಕಿದ ಯಾರಿಗಾದರೂ ಗೊತ್ತು. ನಾನು ಹೇಳಲಿಲ್ಲ. ಅವರ ಮುಖ ಪರೀಕ್ಷೆಯಲ್ಲಿ ನಕಲು ಹೊಡೆಯುವ ಹುಡುಗನಂತಿತ್ತು, ಹೇಗೆ ಹೇಳಲಿ?

ಅಷ್ಟರಲ್ಲಿ ನಾವೆಲ್ಲ ನಾದಿನಿಯ ಮನೆಗೆ ಹದಿನೈದು ದಿನ ಹೋಗಿರಬೇಕಾಯಿತು. ಹೋದ ದಿನವೇ ಮಳೆ ಹಿಡಿಯಿತು. ನಾದಿನಿಯ ಮನೆಯ ಕಿಟಕಿಯಲ್ಲಿ ನಿಂತು ಅವರು ಮಳೆ ನೋಡಿದ ರೀತಿಗೆ, ಅಣ್ಣನಿಗೆ ಕವಿತೆ ಬರುತ್ತಿದೆಯೇನೋ ಎಂದು ನಾದಿನಿ ನನ್ನನ್ನು ಕೇಳಿದಳು.

ತಿರುಗಿ ಬಂದರೆ ನಮ್ಮ ಗೇಟಿನ ಮುಂದೆ ಗುಂಪು. ಬೆಂಚಿಗೆ ಬೆಂಚೇ ಎಲೆ. ಕಾಲಲ್ಲಿ ಎಲೆ, ಕೈಯಾನಿಕೆಯಲ್ಲಿ ಎಲೆ, ಬೆನ್ನಿನಲ್ಲಂತೂ ತೊನೆಯುವ ಕೊಂಬೆಗಳು. ಕಂಡಕ್ಟರ್ ಜನರನ್ನು ಸಾಲಾಗಿ ಬಿಡುತ್ತಿದ್ದರು. "ನೋಡಿದವರು ಮುಂದೆ ಹೋಗಿ, ಹಿಂದಿನವರಿಗೆ ಜಾಗ ಬಿಡಿ." ನಮ್ಮನ್ನು ಕಂಡು, "ಬನ್ನಿ ಸಾರ್. ನಿಮ್ಮ ಬೆಂಚಿಗೆ ಮೀಸೆ ಬಂದಿದೆ," ಎಂದರು.

ಎಲ್ಲರೂ ನಕ್ಕರು. ನಮ್ಮವರು ಚೀಲ ಕೆಳಗಿಟ್ಟು, ಕನ್ನಡಕ ಒರೆಸಿಕೊಂಡು, ಒಂದು ಎಲೆಯನ್ನು ಎರಡು ಬೆರಳಲ್ಲಿ ಹಿಡಿದು ಪರೀಕ್ಷಿಸಿದರು.

"ಹೂಂ. ಅಂದ್ಕೊಂಡಿದ್ದಕ್ಕಿಂತ ಬೇಗ ಬಂದಿದೆ," ಎಂದರು.

ನಗು ನಿಂತಿತು.

"ಅಂದ್ರೆ ಬೇಕಂತಲೇ ಮಾಡಿದ್ದಾ?" ಎಂದರು ಕಂಡಕ್ಟರ್.

"ಮತ್ತಿನ್ನೇನು. ಬೆಳೆಯೋ ಬೆಂಚು. ಗೆದ್ದಲು ಹಿಡಿಯಲ್ಲ, ಬಣ್ಣ ಬೇಡ, ನೆರಳೂ ಅದರದ್ದೇ. ಇವತ್ತು ಮೂರು ಜನ ಕೂರ್ತಾರೆ. ನನ್ನ ಮಗಳ ಕಾಲಕ್ಕೆ ಆರು ಜನ."

"ಹಂಗಾದ್ರೆ ಇದಕ್ಕೆ ಪಾಲಿಶ್ ಹಾಕ್ಬೇಕೋ ಗೊಬ್ಬರ ಹಾಕ್ಬೇಕೋ ಅಪ್ಪ?" ಎಂದಳು ಮಗಳು. ಅವಳನ್ನು ನಾನು ಕೈಹಿಡಿದು ಒಳಗೆ ಕರೆದುಕೊಂಡು ಹೋದೆ.

ಬೆಳೆಯುವ ಬೆಂಚಿನ ಸುದ್ದಿ ಹರಡಿತು. ಬಂದವರಿಗೆಲ್ಲ ನಮ್ಮವರು ಉಪನ್ಯಾಸ ಕೊಟ್ಟರು. ಅತ್ತೆಗೆ ನೆರಳು ಸಿಕ್ಕಿತು, ನೋಡಲು ಬಂದವರ ಸುದ್ದಿಯೆಲ್ಲ ಸಿಕ್ಕಿತು, ಇನ್ನೇನು ಬೇಕು. ಕಂಡಕ್ಟರಿಗೆ ಮಾತ್ರ ಹೊಟ್ಟೆ ಉರಿಯಿತು. "ಕೊಂಬೆ ನನ್ನ ಮರದ್ದು. ಲೆಕ್ಕಕ್ಕೆ ಈ ಬೆಂಚು ನನ್ನ ಮರದ ಮಗು," ಎಂದು ಬಂದವರಿಗೆ ತಾವೂ ಒಂದು ಉಪನ್ಯಾಸ ಶುರುಮಾಡಿದರು.

ಹೀಗಿರುವಾಗ ನಮ್ಮ ಮಣ್ಣುಬೀದಿಗೆ ಡಾಂಬರು ಹಾಕುವ ಕೆಲಸ ಬಂತು. ರಸ್ತೆಯ ಮೇಲ್ವಿಚಾರಕ ಟೇಪು ಹಿಡಿದು ಬಂದ. ಸಣ್ಣ ವಯಸ್ಸು, ದೊಡ್ಡ ದನಿ, ಮೊಳಕಾಲವರೆಗೆ ಧೂಳು. ಎದುರು ಸಾಲಿನ ಚರಂಡಿ ಕಲ್ಲಿನಿಂದ ನಮ್ಮ ಕಡೆಗೆ ಅಳೆದು ಸುಣ್ಣದಲ್ಲಿ ಗೆರೆ ಎಳೆದ. ಬೆಂಚಿನ ಮುಂಗಾಲೆರಡೂ ಗೆರೆಯ ಒಳಗೆ ಬಂದವು.

"ಈ ಬೆಂಚು ತೆಗೀರಿ. ರಸ್ತೆ ಜಾಗ," ಎಂದ. ಆಮೇಲೆ ತಾನೇ ಹಿಡಿದು ಎತ್ತಲು ನೋಡಿದ. ಬೆಂಚು ಮಿಸುಕಲಿಲ್ಲ. ಬಗ್ಗಿ ನೋಡಿದ. "ಇದೇನು, ಬೇರು ಬಿಟ್ಟಿದೆ?"

ನಮ್ಮವರಿಗೆ ಅಲ್ಲಿ ದಾರಿ ಕಂಡಿತು. "ಅದಕ್ಕೇ ಹೇಳೋದು ಸಾರ್, ಇದು ಬೆಂಚಲ್ಲ. ಮರ. ಮರ ಕೀಳೋಕೆ ನಿಮಗೆ ಅಧಿಕಾರ ಇಲ್ಲ."

"ಮರನಾ? ಸರಿ. ಮರದವರನ್ನೇ ಕರೆಸ್ತೀನಿ," ಎಂದು ಅವನು ಹೋದ.

ನಮ್ಮವರು ಆ ಮಧ್ಯಾಹ್ನ ಎರಡು ಸಲ ಊಟ ಮಾಡಿದರು, ಅಷ್ಟು ಗೆಲುವು.

ಮರದವರು ಎಂದರೆ ಮರಗಳ ಅಧಿಕಾರಿಣಿ. ಬಂದವರು ನಮ್ಮಲ್ಲಿ ಯಾರನ್ನೂ ನೋಡಲಿಲ್ಲ. ನೇರ ಬೆಂಚಿನ ಬಳಿ ಹೋಗಿ ತೊಗಟೆ ಸವರಿದರು, ಎಲೆ ತಿರುಗಿಸಿದರು. "ಆರೋಗ್ಯವಾಗಿದೆ," ಎಂದರು. ನಮ್ಮವರು ಸ್ವಂತ ಮಗಳ ಅಂಕ ಕೇಳಿದಂತೆ ಹಿಗ್ಗಿದರು. ಅಷ್ಟರಲ್ಲಿ ಅಧಿಕಾರಿಣಿಯ ಬೆರಳು ಒಂದು ಕಡೆ ನಿಂತಿತು.

"ಈ ಮರಕ್ಕೆ ಮೊಳೆ ಹೊಡೆದದ್ದು ಯಾರು?"

ಕಂಡಕ್ಟರ್ ಮೆಲ್ಲಗೆ ನಮ್ಮವರ ಕಡೆ ತಿರುಗಿದರು.

"ಆಗ ಅದು ಬೆಂಚಾಗಿತ್ತು ಮೇಡಂ," ಎಂದರು ನಮ್ಮವರು.

"ಈಗ?"

"ಈಗ ಮರ."

"ಯಾವಾಗಿಂದ ಮರ?"

"ನಾವು ಊರಲ್ಲಿರಲಿಲ್ಲ ಮೇಡಂ. ತಂಗಿ ಮನೇಲಿದ್ವಿ."

"ಮರಕ್ಕೆ ಮೊಳೆ ಹೊಡೆಯೋದು ಅಪರಾಧ ಅಂತ ಗೊತ್ತಾ?"

"ಹಾಗಾದ್ರೆ ಬೆಂಚು ಅಂತಲೇ ಇಟ್ಕೊಳ್ಳೋಣ ಮೇಡಂ."

"ಬೆಂಚಾದ್ರೆ ನಂದು," ಎಂದ ರಸ್ತೆಯವನು ಹಿಂದಿನಿಂದ. "ಈಗಲೇ ಕೀಳಿಸ್ತೀನಿ."

ಇಬ್ಬರು ಅಧಿಕಾರಿಗಳ ನಡುವೆ ನಮ್ಮವರು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗಿದರು. ಮರವೆಂದರೆ ಅಪರಾಧಿ, ಬೆಂಚೆಂದರೆ ಅತಿಕ್ರಮಣಕಾರ. ಬೇರೆ ಯಾವುದಾದರೂ ಹೆಸರು ಸಿಗುತ್ತದೆಯೇ ಎಂದು ಹುಡುಕುವವರಂತೆ ತುಟಿ ಅಲ್ಲಾಡುತ್ತಿತ್ತು, ಸಿಗಲಿಲ್ಲ. ಕೊನೆಗೆ ಅವರಿಬ್ಬರೇ ತೀರ್ಮಾನಕ್ಕೆ ಬಂದರು. ನಾಳೆ ಬೆಳಿಗ್ಗೆಯೊಳಗೆ ಒಂದು ಮೊಳೆಯೂ ಇರಬಾರದು, ಇದು ಅಧಿಕಾರಿಣಿಯ ಮಾತು. ಮೊಳೆ ತೆಗೆದರೆ ಹಲಗೆ ತಾನೇ ಉದುರುತ್ತದೆ. ಉಳಿಯುವುದು ನಾಲ್ಕು ಗೂಟ. ಗೂಟಗಳನ್ನು ಬೇರು ಸಮೇತ ಎತ್ತಿ ಬೇರೆ ಕಡೆ ನೆಡಿಸುತ್ತೇನೆ, ಇದು ರಸ್ತೆಯವನ ಮಾತು. ಅಧಿಕಾರಿಣಿ ತಲೆಯಾಡಿಸಿದರು. ಬೆಂಚೊಂದು ಕಾಣೆಯಾಗುತ್ತದೆ ಎನ್ನುವುದು ಇಬ್ಬರ ಇಲಾಖೆಗೂ ಸೇರಿದ ವಿಷಯವಾಗಿರಲಿಲ್ಲ.

ಇಷ್ಟೂ ಹೊತ್ತು ಅತ್ತೆ ಅದೇ ಬೆಂಚಿನ ಮೇಲೆ ಕೂತು ಹೆಣೆಯುತ್ತಲೇ ಇದ್ದರು. ಎಲ್ಲರೂ ಹೋದ ಮೇಲೆ ನಮ್ಮವರು ಅವರ ಮುಂದೆ ಬಗ್ಗಿ ಹೇಳಿದರು: "ಅಮ್ಮ, ಬೇಜಾರು ಮಾಡ್ಕೋಬೇಡ. ಹಿತ್ತಲಲ್ಲಿ ಒಂದು ಕುರ್ಚಿ ಹಾಕಿಕೊಡ್ತೀನಿ."

"ಹಿತ್ತಲಲ್ಲಿ ಯಾರು ಓಡಾಡ್ತಾರೆ?"

"ಕೋಳಿ ಇವೆಯಲ್ಲಮ್ಮ."

ಅತ್ತೆ ಬೈಯಲಿಲ್ಲ. ಕೈಯಲ್ಲಿದ್ದ ಜಡೆಯ ತುದಿ ಹಿಡಿದು ಬಿಚ್ಚತೊಡಗಿದರು.

ನಾನು ಸಿಟ್ಟಿನ ಹೆಂಗಸಲ್ಲ. ಹಾಲು ಉಕ್ಕಿದರೆ ಒರೆಸುತ್ತೇನೆ, ಗೂಟ ಬಿದ್ದರೆ ಅಂಗಿ ಎತ್ತಿಡುತ್ತೇನೆ. ಆದರೆ ಆ ಬಿಚ್ಚುವ ಬೆರಳು ನೋಡಿದ ಮೇಲೆ ನನಗೆ ಒಲೆಯ ಮುಂದೆ ನಿಲ್ಲಲು ಆಗಲಿಲ್ಲ. ಸಾರಿಗೆ ಹೆಚ್ಚಿದ್ದ ಕಾಯಿಯನ್ನು ಹಾಗೇ ಮುಚ್ಚಿಟ್ಟು, ಇಕ್ಕಳ ತೆಗೆದುಕೊಂಡು ಬೀದಿಗೆ ಬಂದೆ.

"ಬಿಚ್ಚಬೇಡಿ ಅತ್ತೆ. ಆ ಜಡೆ ನನಗೆ ಬೇಕು," ಎಂದೆ.

ಒಂದು ಮೊಳೆ ಕೀಳುವುದು, ಆ ಕೀಲನ್ನು ಬಟ್ಟೆಯ ಜಡೆಯಿಂದ ಅಡ್ಡಡ್ಡ ಬಿಗಿದು ಕಟ್ಟುವುದು, ಆಮೇಲೆ ಮುಂದಿನ ಮೊಳೆ. ಅತ್ತೆಗೆ ವಿಷಯ ಗೊತ್ತಾಗಲು ಎರಡು ಗಂಟು ಸಾಕಾಯಿತು. "ಹಾಗಲ್ಲವೇ, ಅಡಿಯಿಂದ ತಗೊಂಡು ಬಾ. ನಿನ್ನ ಗಂಟು ನೋಡಿದ್ರೆ ನಿನ್ನ ತವರಿನವರು ನಿನಗೆ ಏನು ಕಲಿಸಿದ್ರೋ ಅನಿಸುತ್ತೆ." ತವರಿನ ಹೆಸರು ಎತ್ತಿದ ಮೇಲೆ ನನಗೆ ಧೈರ್ಯ ಬಂತು. ಜಡೆ ಸಾಲದಾದಾಗ ಮಗಳು ಒಳಗೆ ಹೋಗಿ ಬಾಗಿಲ ಕಾಲೊರಸುಗಳನ್ನು ತಂದು ಬಿಚ್ಚಿ ಕೊಟ್ಟಳು. ನಮ್ಮವರು ಕತ್ತಲಾಗುವವರೆಗೆ ಕೆಳಗೆ ಬಿದ್ದ ಮೊಳೆ ಆರಿಸಿದರು. ಹೊಡೆದದ್ದಕ್ಕಿಂತ ಹೆಚ್ಚು ಸಿಕ್ಕವು. ಹೇಗೆಂದು ಅವರಿಗೂ ತಿಳಿಯಲಿಲ್ಲ.

ಬೆಳಿಗ್ಗೆ ಕೆಲಸದವರು ಹಾರೆ ಹಿಡಿದು ಬಂದರು. ಬೀದಿಯ ತುದಿಯಲ್ಲಿ ಡಾಂಬರಿನ ಗಾಡಿ ಹೊಗೆಯಾಡುತ್ತಿತ್ತು. ಅತ್ತೆ ಆಗಲೇ ಬೆಂಚಿನ ಮೇಲಿದ್ದರು. ಅವರ ಪಕ್ಕ ನಾನು. ನನ್ನ ಮುಂದೆ ಬಟಾಣಿಯ ಮೊರ, ಕಾಲ ಬಳಿ ಒಗೆದ ಬಟ್ಟೆಯ ಬುಟ್ಟಿ, ಪಕ್ಕದಲ್ಲಿ ಗುಂಡಿ ಹಚ್ಚಬೇಕಾದ ಅಂಗಿಗಳು. ಅಡುಗೆಮನೆಯಲ್ಲಿ ಬಿಟ್ಟದ್ದು ಒಲೆಯೊಂದನ್ನೇ.

"ಅಜ್ಜಿ, ಏಳಿ," ಎಂದ ರಸ್ತೆಯವನು.

"ಅಲುಗಲ್ಲಪ್ಪ ನಾನು," ಎಂದರು ಅತ್ತೆ.

ಅವನು ನನ್ನ ಕಡೆ ತಿರುಗಿದ. "ಅಮ್ಮ, ನೀವಾದ್ರೂ ಹೇಳಿ."

"ನಾನು ಏಳ್ತೀನಿ," ಎಂದೆ. "ಕೆಲಸ ಮುಗಿದ ತಕ್ಷಣ."

"ಯಾವಾಗ ಮುಗಿಯುತ್ತೆ?"

"ಮನೆಗೆಲಸ ಮುಗಿದದ್ದನ್ನ ನೀವು ಯಾವತ್ತಾದ್ರೂ ಕಂಡಿದ್ದೀರಾ? ನಿಮ್ಮ ತಾಯಿ ಮುಗಿಸಿದ್ರಾ?"

ಅವನು ಯೋಚಿಸಿದ. ಮುಗಿಸಿರಲಿಲ್ಲವೆಂದು ಮುಖದಲ್ಲೇ ಕಂಡಿತು. ಆದರೂ ದನಿ ಏರಿಸಿ, ಕೆಲಸದವರ ಕಡೆ ತಿರುಗಿ, "ಗೆರೆ ಇನ್ನೊಂದು ಸಲ ಅಳೀರಿ, ಅಗೆಯೋಕೆ ಶುರುಮಾಡಿ. ಬೇರಿನ ಕಡೆಯಿಂದ," ಎಂದ. ಕಂಡಕ್ಟರ್ ತಮ್ಮ ಮೆಟ್ಟಿಲ ಮೇಲೆ ನಿಂತು, "ಹೋಗಿ, ಹೋಗಿ, ಹಿಂದಿಂದ ಹೋಗಿ," ಎಂದು ದಾರಿ ತೋರಿಸಿದರು.

ಆ ಹೊತ್ತಿಗೆ ನಮ್ಮವರು ಕಚೇರಿಗೆ ಹೊರಟು ಗೇಟಿನಲ್ಲಿ ನಿಂತಿದ್ದರು. ಕೈಯಲ್ಲಿ ಚೀಲ, ಮುಖದಲ್ಲಿ ಎಲ್ಲಾದರೂ ಮಾಯವಾಗಿಬಿಡುವ ಆಸೆ. ಹಾರೆ ಎತ್ತಿದವನು ಅವರಿಗೆ ಕಂಡನೋ ಇಲ್ಲವೋ ತಿಳಿಯದು. ಅವರಿಗೆ ಕಂಡದ್ದು ಟೇಪು.

"ಆ ಟೇಪು ಸ್ವಲ್ಪ ಕೊಡಿ," ಎಂದರು. ಆ ದನಿ ನಾನು ಮನೆಯಲ್ಲಿ ಎಂದೂ ಕೇಳಿರಲಿಲ್ಲ. ಅಂಗಡಿಯವರು ನಡುಗುವ ದನಿ ಅದೇ ಇರಬೇಕು. ರಸ್ತೆಯವನು ಯೋಚಿಸದೆ ಕೊಟ್ಟುಬಿಟ್ಟ.

ನಮ್ಮವರು ಟೇಪಿನ ತುದಿಯನ್ನು ಕಣ್ಣಿನ ಹತ್ತಿರ ಹಿಡಿದರು. "ತುದಿ ಮುರಿದು ಹೋಗಿದೆ. ಮುರಿದ ಮೇಲೆ ಕೊಕ್ಕೆ ತಂದು ಇಲ್ಲಿಗೆ ಬಡಿದಿದ್ದಾರೆ. ಮೊದಲಿನ ಮೊಳದುದ್ದ ಟೇಪೇ ಇಲ್ಲ. ಇದರ ಮುದ್ರೆ ಎಲ್ಲಿ?"

"ರಸ್ತೆ ಟೇಪಿಗೆ ಯಾರ್ರೀ ಮುದ್ರೆ ಹಾಕಿಸ್ತಾರೆ?"

"ನಾನು ಹಾಕ್ತೀನಿ. ಅದೇ ನನ್ನ ಕೆಲಸ."

ಬೀದಿಯಲ್ಲಿ ಒಂದು ಸಂಚಲನ. ಅತ್ತೆಯ ಕೈ ನಿಂತಿತು. ಮಗಳು, "ಅಪ್ಪ," ಎಂದಳು, ಬಾಲ ಅಂಟಿಸಲಿಲ್ಲ. ನಮ್ಮವರು ಚೀಲದಿಂದ ತಮ್ಮ ಉಕ್ಕಿನ ಟೇಪು ತೆಗೆದು ಸಾವಕಾಶವಾಗಿ ಎದುರು ಸಾಲಿಗೆ ಹೋಗಿ ಚರಂಡಿ ಕಲ್ಲಿಗೆ ಸಿಕ್ಕಿಸಿದರು. ಸುಳ್ಳು ಟೇಪು ಎಳೆದ ಸುಳ್ಳು ಗೆರೆ ಈಗ ಅಳಿಸಿಹೋಗುತ್ತದೆ. ನಾನು ಬಟಾಣಿ ಬಿಡಿಸುವುದನ್ನೂ ಮರೆತೆ.

ಅವರು ಅಳೆಯುತ್ತ ಬಂದರು. ಹಳೆಯ ಗೆರೆಯ ಹತ್ತಿರ ಬಂದರು. ಹಳೆಯ ಗೆರೆ ದಾಟಿದರು. ಇನ್ನೂ ಮುಂದೆ ಬಂದರು. ಬೆಂಚಿನ ಹಿಂಗಾಲೂ ದಾಟಿ, ನಮ್ಮ ಗೇಟಿನ ಕಂಬಕ್ಕೆ ಬೆನ್ನು ಒರಗಿದಾಗ ನಿಂತರು.

ಮೊಳದುದ್ದ ಇಲ್ಲದ ಟೇಪು ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಅಂದರೆ ರಸ್ತೆಯವನು ಎಳೆದಿದ್ದ ರಸ್ತೆ ಅಗಲದಲ್ಲಿ ಮೊಳ ಕಡಿಮೆಯಿತ್ತು. ಸರಿಯಾದ ರಸ್ತೆ ಬೆಂಚನ್ನು ಪೂರ್ತಿ ನುಂಗಿ ನಮ್ಮ ಗೇಟಿನ ಕಂಬವನ್ನೂ ಕೇಳುತ್ತಿತ್ತು.

"ಅಪ್ಪ, ನೀವು ಯಾರ ಕಡೆ?" ಎಂದಳು ಮಗಳು.

"ಅಳತೆ ಕಡೆ," ಎಂದರು, ಸಾಯುವವರ ದನಿಯಲ್ಲಿ.

ರಸ್ತೆಯವನಿಗೆ ನಗು ತಡೆಯಲಾಗಲಿಲ್ಲ. "ಭೇಷ್ ಸಾರ್. ನಿಮ್ಮ ಅಳತೆನೇ ಖಾಯಂ. ಸಾಲಿಗೆಲ್ಲ ಎಳೀರಿ ಗೆರೆ."

ಕೆಲಸದವರು ನಮ್ಮ ಕಂಬದಿಂದ ಹಗ್ಗ ಹಿಡಿದು ಮುಂದಿನ ಮನೆಗೆ ಹೋದರು. ಹಗ್ಗ ಕಂಡಕ್ಟರರ ಮೆಟ್ಟಿಲನ್ನು ಮಧ್ಯಕ್ಕೆ ಸೀಳಿತು. ಅವರ ಕೋಳಿಗೂಡು ಇಡಿಯಾಗಿ ರಸ್ತೆಗೆ ಬಂತು. ಅದರಾಚೆಯ ದರ್ಜಿಯ ಜಗುಲಿ, ಅದರಾಚೆಯ ನೀರಿನ ತೊಟ್ಟಿ, ನಮ್ಮ ಸಾಲಿನ ಒಂದು ಮನೆಯೂ ಉಳಿಯಲಿಲ್ಲ.

ಕಂಡಕ್ಟರ್ ಸೀಳಿದ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತರು. ಒಂದು ಕಾಲು ರಸ್ತೆಯಲ್ಲಿ, ಒಂದು ಕಾಲು ಮನೆಯಲ್ಲಿ. ಆಮೇಲೆ ಇಳಿದು ನೇರ ನಮ್ಮ ಬೆಂಚಿನ ಬಳಿ ಬಂದರು.

"ಸ್ವಲ್ಪ ಒಳಗೆ ಹೋಗಿ," ಎಂದು ನನ್ನ ಪಕ್ಕ ಕೂತರು. "ಇದು ಮರ. ನನ್ನ ಮರದ ಮಗು. ಇದನ್ನ ಯಾರು ಮುಟ್ತಾರೋ ನೋಡ್ತೀನಿ."

ದರ್ಜಿ ಕತ್ತರಿ ಸಮೇತ ಬಂದ. ಅವನ ಹೆಂಡತಿ ಬಂದಳು. ಸಾಲಿನವರೆಲ್ಲ ಬಂದು ಬೆಂಚಿನ ಸುತ್ತ ನಿಂತರು. ಬೆಂಚು ಕಿರ್‌ ಎಂದಿತು, ಗಂಟು ಬಿಡಲಿಲ್ಲ. ರಸ್ತೆಯವನು ಎಲ್ಲರನ್ನೂ ನೋಡಿ ಬೆವರು ಒರೆಸಿಕೊಂಡ.

"ಸರಿ, ಸರಿ. ಮೊದಲಿನ ಗೆರೆಗೇ ಹೋಗೋಣ. ಬೆಂಚು ಒಂದೇ ಹೋಗುತ್ತೆ, ಮಿಕ್ಕವರದ್ದು ಉಳಿಯುತ್ತೆ. ಸಾರ್, ನನ್ನ ಟೇಪು ಕೊಡಿ."

ಸಾಲಿನವರ ಕಣ್ಣು ಒಮ್ಮೆ ಮಿನುಗಿ, ನಾಚಿ, ನೆಲ ನೋಡಿತು. ಎಲ್ಲ ನಮ್ಮವರ ಕೈಯಲ್ಲಿತ್ತು.

ನಮ್ಮವರು ಆ ಟೇಪನ್ನು ಸುತ್ತಿ ಚೀಲದೊಳಗೆ ಹಾಕಿ ಗುಂಡಿ ಹಾಕಿದರು. "ಕೊಡೋಕಾಗಲ್ಲ. ತಪ್ಪು ಟೇಪು. ಪರೀಕ್ಷೆಗೆ ಹೋಗುತ್ತೆ."

"ಯಾರ ಹತ್ರ?"

"ನನ್ನ ಹತ್ರಾನೇ."

"ಹಾಗಾದ್ರೆ ಈಗಲೇ ಮಾಡಿಕೊಡಿ."

"ಇವತ್ತು ನಾನು ರಜ," ಎಂದು ಅವರು ಕಾಲುಚೀಲ ಕಳಚತೊಡಗಿದರು.

"ನಿಮ್ಮ ಉಕ್ಕಿನ ಟೇಪಾದ್ರೂ ಕೊಡಿ."

"ತಗೊಳ್ಳಿ. ಅದರಲ್ಲಿ ಅಳೆದ್ರೆ ಇಡೀ ಸಾಲು ಕೆಡವಬೇಕು. ಕೆಡವ್ತೀರಾ?"

ಬೀದಿಯ ತುದಿಯಿಂದ ಗಾಡಿಯವನು ಕೂಗಿದ: "ಡಾಂಬರು ಆರ್ತಾ ಇದೆ ಸಾರ್, ಬೇಗ ಏನಾದ್ರೂ ಹೇಳಿ."

ಅದೇ ಸಮಯಕ್ಕೆ ಮರಗಳ ಅಧಿಕಾರಿಣಿಯೂ ಬಂದು ಇಳಿದರು. ಜನರನ್ನು ಸರಿಸಿ, ಕೂತವರ ಕಾಲುಗಳ ಸಂದಿಯಲ್ಲಿ ಬಗ್ಗಿ ಪ್ರತಿ ಕೀಲನ್ನೂ ಮುಟ್ಟಿ ನೋಡಿದರು. ಒಂದು ಮೊಳೆಯೂ ಇರಲಿಲ್ಲ. ಬಣ್ಣಬಣ್ಣದ ಬಟ್ಟೆಯ ಕಟ್ಟುಗಳು, ಹಲಗೆ ಇದ್ದಲ್ಲೇ ಗಟ್ಟಿ.

"ಯಾರು ಕಟ್ಟಿದ್ದು?"

"ನಾವು," ಎಂದೆವು ಅತ್ತೆ ಮತ್ತು ನಾನು.

"ಕಾಂಡ ದಪ್ಪ ಆದ ಹಾಗೆಲ್ಲ ಸಡಿಲಿಸಬೇಕು."

"ಮಕ್ಕಳ ಬಟ್ಟೆಯನ್ನೂ ಹಾಗೇ ಸಡಿಲಿಸಿಕೊಂಡು ಬಂದವಳು ನಾನು," ಎಂದರು ಅತ್ತೆ. "ನನಗೆ ಹೇಳಿಕೊಡಬೇಡ."

ಅಧಿಕಾರಿಣಿ ರಸ್ತೆಯವನ ಕಡೆ ತಿರುಗಿ, "ಇದು ಮರ. ನಿನ್ನೆ ಒಪ್ಪಿದ್ದು ಬಿಡಿ ಗೂಟಕ್ಕೆ, ಈಗ ಎಲ್ಲ ಒಂದೇ ಕಟ್ಟು. ಮುಟ್ಟೋ ಹಾಗಿಲ್ಲ," ಎಂದು ಹೇಳಿ ಹೊರಟುಹೋದರು.

ರಸ್ತೆಯವನು ಟೇಪಿಲ್ಲದ ಖಾಲಿ ಕೈ ನೋಡಿಕೊಂಡ. ಬೆಂಚು ನೋಡಿದ, ಮೆಟ್ಟಿಲು ನೋಡಿದ, ಆರುತ್ತಿದ್ದ ಡಾಂಬರು ನೋಡಿದ. ಆಮೇಲೆ ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಮುಂದೆ ಹಿಡಿದು, "ಆ ಮೆಟ್ಟಿಲ ಅಂಚಿಂದ ಈ ಬೆಂಚಿನ ಮುಂದೆ ಹಾಯ್ದು ಹಂಗೇ ಹೋಗ್ಲಿ. ಕಣ್ಣಂದಾಜಲ್ಲಿ ಹಾಕ್ರಪ್ಪ," ಎಂದ.

ಕಣ್ಣಂದಾಜು ಎಂಬ ಮಾತು ಕಿವಿಗೆ ಬಿದ್ದಾಗ ನಮ್ಮವರ ಮೈ ನಡುಗಿದ್ದನ್ನು ನಾನು ಕಂಡೆ. ಇಪ್ಪತ್ತು ವರ್ಷ ಆ ಒಂದು ಮಾತಿನ ವಿರುದ್ಧ ಅನ್ನ ತಿಂದವರು. ಬಾಯಿ ತೆರೆದರು. ಅತ್ತೆಯನ್ನು ನೋಡಿದರು. ಬಾಯಿ ಮುಚ್ಚಿ, ಗೋಡೆಯ ಕಡೆ ಮುಖ ಮಾಡಿ ನಿಂತು, ಡಾಂಬರು ಬಿದ್ದು ಮುಗಿಯುವವರೆಗೂ ತಿರುಗಲೇ ಇಲ್ಲ. ಅವರು ನನ್ನನ್ನು ಮದುವೆಯಾದ ಮೇಲೆ ಮಾಡಿದ ಅತಿ ಕಷ್ಟದ ಕೆಲಸ ಅದೇ ಎಂದು ನನ್ನ ಎಣಿಕೆ. ಆ ರಾತ್ರಿ ಅವರಿಗೆ ಬಿಸಿಬಿಸಿ ಬಟಾಣಿ ಸಾರು ಮಾಡಿ ಬಡಿಸಿದೆ.

ಈಗ ನಮ್ಮ ಬೀದಿಯ ರಸ್ತೆ ಒಂದು ಕಡೆ ಹೊಟ್ಟೆ ಒಳಗೆಳೆದುಕೊಂಡು ಹೋಗುತ್ತದೆ. ಅತ್ತೆ ಬೆಳಿಗ್ಗೆಯೂ ಹೋಗಿ ಕೂರುತ್ತಾರೆ, ಸಂಜೆಯೂ ಕೂರುತ್ತಾರೆ. ಬಿಚ್ಚಿದ ಕಾಲೊರಸುಗಳನ್ನೆಲ್ಲ ಹೊಸದಾಗಿ ಹೆಣೆಯಬೇಕಲ್ಲ.

ಮೊನ್ನೆ ಆ ರಸ್ತೆಯವನು ಸೈಕಲ್ಲಿನಲ್ಲಿ ಬಂದ. ಡಾಂಬರು ಎಲ್ಲಾದರೂ ಬಿರುಕು ಬಿಟ್ಟಿದೆಯೇ ನೋಡಲು ಬಂದೆ ಎಂದ. ನೋಡಿ ಮುಗಿದ ಮೇಲೂ ಹೋಗಲಿಲ್ಲ. ಬಿಸಿಲಿತ್ತು, ಬೆಂಚಿನ ಮೇಲೆ ನೆರಳಿತ್ತು. ಅತ್ತೆಯ ಒಂದು ಪಕ್ಕದಲ್ಲಿ ಹಾಲಿನವಳು, ಇನ್ನೊಂದು ಪಕ್ಕದಲ್ಲಿ ಬಟ್ಟೆಯ ರಾಶಿ.

"ಅಜ್ಜಿ, ಆ ಬಟ್ಟೆ ಕೆಳಗಿಟ್ರೆ ನಾನೂ ಒಂದ್ ನಿಮಿಷ ಕೂರ್ತಿದ್ದೆ," ಎಂದ.

"ಅದು ಬಟ್ಟೆ ಜಾಗ," ಎಂದರು ಅತ್ತೆ, ಹೆಣೆಯುವುದನ್ನು ನಿಲ್ಲಿಸದೆ.

ಅವನು ನಿಂತೇ ಇದ್ದ. ಮುಖ ಬಾಡಿತ್ತು, ಬೆಳಿಗ್ಗೆಯಿಂದ ಏನೂ ತಿಂದಂತಿರಲಿಲ್ಲ. ನಾನು ಒಳಗೆ ಹೋಗಿ ಅಡುಗೆಮನೆಯ ಸ್ಟೂಲು ತಂದು, ಅವನ ಹೊಸ ರಸ್ತೆಯ ನಡುಮಧ್ಯದಲ್ಲಿ, ಡಾಂಬರಿನ ಮೇಲೆ ಇಟ್ಟೆ. ಅವನು ಸ್ಟೂಲು ನೋಡಿದ. ರಸ್ತೆ ನೋಡಿದ. ಆ ಕಡೆ ಈ ಕಡೆ ಯಾರಾದರೂ ನೋಡುತ್ತಿದ್ದಾರೆಯೇ ಎಂದು ನೋಡಿದ.

"ಇದು ರಸ್ತೆ ಜಾಗ ಅಮ್ಮ," ಎಂದ ಸಣ್ಣ ದನಿಯಲ್ಲಿ.

"ಗೊತ್ತು," ಎಂದೆ. "ಕೂತ್ಕೊಳ್ಳಿ. ತಿನ್ನೋಕೆ ತರ್ತೀನಿ."

ಕೂತ.